ಹನ್ನೊಂದು ಸೆಕೆಂಡು

ಆ ಸಂಜೆಯ ಧ್ವನಿ ಇನ್ನೂ ಇದೆ ನನ್ನ ಬಳಿ.
ಮೊದಲು ಅಲೆ, ಆಮೇಲೆ ಮೇಕೆಯೊಂದರ ಕೆಮ್ಮು,
ಆಮೇಲೆ ಮಲಾಂಗ್, ಗಂಟಲು ಸರಿಮಾಡಿಕೊಂಡು:
"ಆಟದ ಕಟ್ಟಳೆ ಒಂದೇ. ತಪ್ಪು ಕಂಡಲ್ಲಿ
ಯಾರು ಬೇಕಾದರೂ 'ನಿಲ್ಲಿ' ಅನ್ನಬಹುದು.
ಅಂದವರು ಒಳಗೆ ಬರಬೇಕು. ಅಷ್ಟೆ."

ಸೆನೆಗಲ್ಲಿನ ಕಡಲಂಚು. ಮೀನಿಗೆ ಹೊಗೆ ಕೊಡುವ ಒಲೆಗಳು
ಆರಿದ್ದರೂ ಬೆಚ್ಚಗಿದ್ದವು. ಹೆಂಗಸರು ಕೂಸುಗಳನ್ನು ಬೆನ್ನಿಗೆ ಕಟ್ಟಿ
ಬೋರಲು ಹಾಕಿದ ಬುಟ್ಟಿಗಳ ಮೇಲೆ ಕೂತಿದ್ದರು.
ನಾನು ಊರ ರೇಡಿಯೊದವನು; ಗಾಳಿ ಹೊಡೆಯದಂತೆ ಮೈಕಿಗೆ
ತಂಗಿಯ ಕಾಲುಚೀಲ ತೊಡಿಸಿದ್ದೆ.

ಆಟ ಹೊಸದೇನಲ್ಲ. ಕಾರ್ಖಾನೆಯ ತೂಕದವನು,
ಮೂವತ್ತು ಕಿಲೋ ಹೊತ್ತು ತಂದದ್ದು ಅವನೆದುರು
ಇಪ್ಪತ್ತೆರಡಕ್ಕೆ ಇಳಿಯುವ ಮಾಯೆ.
ಮೂರು ಹುಟ್ಟು ಕೂಡಿಸಿ ಕಟ್ಟಿ, ತಗಡಿನ ತಟ್ಟೆ ತೂಗಿಬಿಟ್ಟರೆ
ಅದೇ ತಕ್ಕಡಿ.
ತೂಕದವನ ಪಾತ್ರ ರೋಖಾಯಾಳದು.
ಅಣ್ಣನ ಪ್ಯಾಂಟು, ಕಿವಿಯ ಮೇಲೆ ಪೆನ್ನು,
ಹಲ್ಲಿಗೆ ಸಿಕ್ಕ ಮುಳ್ಳನ್ನು ನಾಲಗೆಯಲ್ಲೇ ತಡಕುತ್ತಾ
"ನಿನ್ನ ಕೈ ಒದ್ದೆ. ನೀರಿಗೂ ದುಡ್ಡು ಕೊಡಲೆ?" ಅಂದಳು ನೋಡಿ,
ಅವನೇ! ಥೇಟು ಅವನೇ!
ಕೂತವರ ಕೆಳಗೆ ಬುಟ್ಟಿಗಳೂ ನಕ್ಕವು.
ಧ್ವನಿಯಲ್ಲಿ ಆ ನಗು ಮುರಿಮುರಿದು ಕೇಳುತ್ತದೆ,
ನನ್ನ ಯಂತ್ರಕ್ಕೆ ಅಷ್ಟು ನಗು ಹಿಡಿಸಲಿಲ್ಲ.

ಒಬ್ಬಳು "ನಿಲ್ಲಿ" ಎಂದು ಬಂದು ತನ್ನದೇ ಕಲ್ಲಿಟ್ಟು ತೂಗೆಂದಳು.
ಇನ್ನೊಬ್ಬಳು ಬೇಡಿಕೊಂಡಳು. ಮತ್ತೊಬ್ಬಳು ಬೈದಳು,
ಪ್ರಸಾರ ಮಾಡುವಂಥದ್ದಲ್ಲ, ಆದರೆ ಬಲು ಚೆಂದದ ಬೈಗುಳ.
ರೋಖಾಯಾ ಎಲ್ಲರನ್ನೂ ಗೆದ್ದಳು.
ಸಲಸಲಕ್ಕೂ ಅವಳ ತೂಕದವನು ಕೊಬ್ಬುತ್ತಿದ್ದ.

ಆಗ ಹಿಂದಿನಿಂದ, ಬುಟ್ಟಿ ಸಿಗದವರು ನಿಂತ ಕಡೆಯಿಂದ
ಒಂದು "ನಿಲ್ಲಿ".
ಮೀಟರಿನ ಮುಳ್ಳು ಕೂಡ ಅಲ್ಲಾಡಲಿಲ್ಲ.
ತೆನಿಂಗ್. ಹದಿಮೂರೋ ಹದಿನಾಲ್ಕೋ.
ಸಜ್ಜೆ ಬಿತ್ತುವ ಒಳನಾಡಿನಿಂದ ಬಂದು
ರೋಖಾಯಾಳ ಮನೆಯಲ್ಲಿ ಮುಸುರೆ ತಿಕ್ಕುವವಳು.
ಮೊಣಕೈಯಲ್ಲಿ ಸೋಪಿನ ನೊರೆ ಇನ್ನೂ ಆರಿರಲಿಲ್ಲ.

ಅವಳು ಮೀನಿನ ಬುಟ್ಟಿ ಎತ್ತಲಿಲ್ಲ.
ತಾನೇ ಹತ್ತಿ ಕೂತಳು ತಟ್ಟೆಯಲ್ಲಿ, ಮೊಣಕಾಲು ಮಡಚಿ.
ಹುಟ್ಟುಗಳು ಕಿರುಗುಟ್ಟಿದವು.
"ತೂಗಿ, ಯಜಮಾನರೆ.
ಬೆಳಗಿನ ನಾಲ್ಕರಿಂದ ರಾತ್ರಿ ಹನ್ನೊಂದು.
ಒಡೆದ ಲೋಟಕ್ಕೆ ಎಷ್ಟು ಮುರಿದುಕೊಂಡಿರಿ?
ಜ್ವರದ ಎರಡು ದಿನಕ್ಕೆ?
ಆರು ತಿಂಗಳದ್ದು ಒಟ್ಟಿಗೇ ಕೊಡುತ್ತೇನೆ ಅಂದಿರಿ,
ಅದು ಎಷ್ಟು ಕಿಲೋ?"

ರೋಖಾಯಾ ತೂಕದವನ ಬಾಯಲ್ಲೇ ಶುರುಮಾಡಿದಳು,
"ನಿನ್ನ ಕೈ ಒದ್ದೆ..."
ಅಲ್ಲಿಗೇ ನಿಂತಿತು ಮಾತು.
ಆ ಕೈ ಯಾಕೆ ಒದ್ದೆ ಎಂದು ಊರಿಗೇ ಗೊತ್ತಿತ್ತು.

ಇಲ್ಲಿದೆ ನೋಡಿ ಆ ಹನ್ನೊಂದು ಸೆಕೆಂಡು.
ಅಲೆ. ಹುಟ್ಟಿನ ಕಿರುಗು. ಯಾರದೋ ಬಳೆ. ಅಲೆ.
ಕೊನೆಗೆ ಟಣ್ ಎಂದು ತಟ್ಟೆಗೆ ಬಿದ್ದದ್ದು
ಕಿವಿಯ ಮೇಲಿನ ಪೆನ್ನು.

ನಿಲಯದಲ್ಲಿ ಹಿರಿಯ ಬುಬಾಕರ್ ಅಂದ: "ಮೌನ ಕತ್ತರಿಸು,
ಕೇಳುವವರು ರೇಡಿಯೊ ಕೆಟ್ಟಿತು ಅಂದುಕೊಂಡಾರು."
ತೆನಿಂಗಳನ್ನು ಕೇಳಿದೆ. "ಹಾಕಿ," ಅಂದಳು, ಕೊಡ ಇಳಿಸದೆ.
ರೋಖಾಯಾ ತಾನೇ ಬಂದಳು, ತಲೆಬಟ್ಟೆ ಹಣೆಯವರೆಗೆ ಎಳೆದು.
ಮೂರು ಸಲ ಕೇಳಿದಳು.
ಏನು ಹೇಳಲೂ ತೋಚದೆ ನಾನೆಂದೆ:
"ಬಹಳ ಚೆನ್ನಾಗಿ ನಟಿಸಿದಿರಿ."
"ನಟಿಸಲಿಲ್ಲ," ಅಂದಳು. ಎದ್ದು ಹೋದಳು.

ನಾಲ್ಕು ತಿಂಗಳ ಸಂಬಳ ಬಂತಂತೆ.
ಉಳಿದ ಎರಡರ ಮಾತು ಇನ್ನೂ ನಡೆದಿದೆ, ಒಲೆಯ ಮುಂದೆ,
ಒಮ್ಮೊಮ್ಮೆ ಜೋರಾಗಿಯೇ.
ಕಾರ್ಖಾನೆಯ ತೂಕದವನು ಏನೂ ಆಗದವನಂತೆ ತೂಗುತ್ತಿದ್ದಾನೆ.

ಮೌನವನ್ನು ಪೂರ್ತಿ ಬಿಟ್ಟೆವು.
ಎಷ್ಟೋ ಮನೆಗಳ ಪಡಸಾಲೆಯಲ್ಲಿ
ರೇಡಿಯೊವನ್ನು ತಟ್ಟಿ ತಟ್ಟಿ ನೋಡಿದರಂತೆ.
ಹಿತ್ತಲಲ್ಲಿದ್ದವರು ಮಾತ್ರ ನಲ್ಲಿ ನಿಲ್ಲಿಸಿ,
ಕೈ ಒರೆಸಿಕೊಳ್ಳದೆ,
ಬಾಗಿಲ ತನಕ ಬಂದರಂತೆ.